ಈ ವರ್ಷದ ಮೊದಲನೇ ನಂಬರು

ಭಾಗ್ಯನಗರದ ಆ ಓಣಿಯಲ್ಲಿ ಶ್ವೇತಾಳ ಕಿವಿಯೊಳಗೆ ಏನು ನಡೆಯುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಅಳವಂಡಿ ಬಸ್ಸಿಗೆ ಓಡುವಾಗ, ಸಂಜೆ ಪಂಚಾಯಿತಿ ಕಚೇರಿಯ ಕಂಪ್ಯೂಟರಿನ ಮುಂದಿನಿಂದ ಎದ್ದು ಬರುವಾಗ ಅವಳ ಎರಡೂ ಕಿವಿಗೆ ವೈರು ಇರುತ್ತಿತ್ತು. ಮಗಳು ದೇವರ ಹಾಡು ಕೇಳುತ್ತಾಳೆಂದೇ ಅವ್ವ ಹುಲಿಗವ್ವ ತಿಳಿದಿದ್ದಳು. ಕೂದಲ ಶೆಡ್ಡಿನಲ್ಲಿ ಜೊತೆಗೆ ಕೂತವರಿಗೂ ಹಾಗೇ ಹೇಳಿದ್ದಳು. ಆ ಊರಿನಲ್ಲಿ ಕೂದಲಿನ ವ್ಯಾಪಾರ ಹಳೆಯದು. ಎಲ್ಲೆಲ್ಲಿಂದಲೋ ಗಂಟುಗಂಟಾಗಿ ಬಂದ ಕೂದಲನ್ನು ಹೆಂಗಸರು ಕಾಲು ಚಾಚಿ ಕೂತು ಬಿಡಿಸಿ, ಎಳೆ ಜೋಡಿಸಿ ಕೊಡುತ್ತಾರೆ. ಗಂಡ ತೀರಿದ ಮೇಲೆ ಹುಲಿಗವ್ವ ಅದರಲ್ಲೇ ಮಗಳನ್ನು ಓದಿಸಿದ್ದಳು. ಅಂಥ ಅವ್ವನಿಗೆ, ನಾನು ಕೇಳುವುದು ಮೆಟಲ್ಲು, ಅದರಲ್ಲಿ ಜನ ಹೊಟ್ಟೆಯೊಳಗಿಂದ ದನಿ ತೆಗೆದು ಗುಡುಗುತ್ತಾರೆ ಎಂದು ಹೇಳಲು ಶ್ವೇತಾಳಿಗೆ ಬಾಯಿ ಬಂದಿರಲಿಲ್ಲ. ಒಮ್ಮೆ ಕಚೇರಿಯಲ್ಲಿ ವೈರು ಕಳಚಿ ಫೋನು ಜೋರಾಗಿ ಒದರಿದಾಗ ಬಿಲ್ ಕಲೆಕ್ಟರು, ಯಾರ ಮನೆಯ ನಾಯಿಗೆ ಹುಚ್ಚು ಹಿಡಿದಿದೆ ಎಂದು ಕೇಳಿ ಎಲ್ಲರನ್ನೂ ನಗಿಸಿದ್ದ. ಅವಳೂ ಕೂಡಿ ನಕ್ಕಿದ್ದಳು. ಯಾವುದೋ ಜಾಹೀರಾತು ಬಂತು ಎಂದು ಸುಳ್ಳು ಹೇಳಿದ್ದಳು.

ಗೊತ್ತಿದ್ದವರು ಇಬ್ಬರೇ. ಗಂಗಾವತಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟ ಸಾದಿಕ, ಅವನ ದೋಸ್ತ ಕುಷ್ಟಗಿಯ ಸಿದ್ದಾರ್ಥ. ಡಿಗ್ರಿಗೆಂದು ಗಂಗಾವತಿಯಲ್ಲಿದ್ದಾಗ ಶ್ವೇತಾ ಒಡೆದ ಫೋನನ್ನು ಸಾದಿಕನ ಕೈಗೆ ಕೊಟ್ಟಿದ್ದಳು. ಹೊಸ ಗಾಜು ಕೂಡಿಸಿ, ಸ್ಪೀಕರು ನೋಡಲೆಂದು ಅವನು ಅದರಲ್ಲಿದ್ದ ಹಾಡೊಂದನ್ನು ಒತ್ತಿದ, ಒತ್ತಿದವನು ಹಾಗೇ ಕೂತ. ಇದನ್ನು ಕೇಳುವವನು ಈ ಸೀಮೆಯಲ್ಲಿ ನಾನೊಬ್ಬನೇ ಅಂದುಕೊಂಡಿದ್ದೆ ಎಂದ. ಸಿದ್ದಾರ್ಥ ಗ್ರಾನೈಟ್ ಪಾಲಿಶ್ ಮಾಡುವಲ್ಲಿ ಮಿಷನ್ ನಡೆಸುವವ. ಕಲ್ಲು ಉಜ್ಜುವ ಸದ್ದಿನ ನಡುವೆ ಬೇರೆ ಯಾವ ಹಾಡೂ ಕೇಳುವುದಿಲ್ಲ, ಅದಕ್ಕೇ ಇದನ್ನು ಹಿಡಿದೆ ಎನ್ನುತ್ತಿದ್ದ.

ಡಿಸೆಂಬರ್ ಬಂತೆಂದರೆ ಈ ಮೂವರಿಗೆ ಒಂದು ಪದ್ಧತಿ. ವರ್ಷವಿಡೀ ಕೇಳಿದ ರಾಕ್, ಮೆಟಲ್ ಆಲ್ಬಂಗಳಲ್ಲಿ ತಮಗೆ ಮೆಚ್ಚಾದ ಐದನ್ನು ಆರಿಸಿ, ಐದನೆಯದರಿಂದ ಒಂದೊಂದೇ ಮೇಲೇರುತ್ತ ವಾಟ್ಸಾಪಿನಲ್ಲಿ ಮಾತಾಡಿ ಕಳಿಸಬೇಕು. ಉಳಿದಿಬ್ಬರು ಅದನ್ನು ಹೀಗಳೆಯಬೇಕು. ಮೊದಲನೇ ನಂಬರಿಗೆ ಮಾತು ಸಾಲದು, ಅದರ ಒಂದು ತುಣುಕನ್ನು ತಾವೇ ಬಾಯಿಂದ ಹಾಡಿ ಕಳಿಸಬೇಕು. ಹಾಡಲು ಎದೆ ಸಾಲದಿದ್ದರೆ ಅದು ಮೊದಲನೆಯದಲ್ಲ ಎಂಬುದು ಸಾದಿಕ ಮಾಡಿದ ಕಾನೂನು.

ಆ ವರ್ಷ ಶ್ವೇತಾಳ ಐದನೆಯದು ಶಿಲ್ಲಾಂಗಿನ ಹುಡುಗರ ರಾಕ್ ಆಲ್ಬಂ. ಮಳೆ ನಿಂತ ಮೇಲೆ ತಗಡಿನಿಂದ ಹನಿ ಬೀಳುವಂಥ ಗಿಟಾರು. ನಾಲ್ಕನೆಯದು ಬ್ರೆಜಿಲ್ಲಿನವರದು, ಎಲ್ಲಿಗೋ ತಡವಾದವರ ಹಾಗೆ ಓಡುವ ಹಾಡುಗಳು. ಮೂರನೆಯದು ಸ್ವೀಡನ್ನಿನ ಮುದುಕರದು. ಕೈ ನಡುಗುವ ಮುದುಕರನ್ನು ಮೂರಕ್ಕೆ ಏರಿಸಿದ್ದೀಯಲ್ಲ ಎಂದು ಸಿದ್ದಾರ್ಥ ಎರಡು ದಿನ ಕಾಡಿದ. ಎರಡನೆಯದು ಫಿನ್ಲೆಂಡಿನ ತಂಡದ್ದು. ಅದರ ಒಂದು ಹಾಡು ಮುಗಿಯುವುದರೊಳಗೆ ಬಸ್ಸು ಅಳವಂಡಿಯ ಅರ್ಧ ದಾರಿ ಮುಟ್ಟಿರುತ್ತಿತ್ತು, ಅಷ್ಟು ನಿಧಾನ. ಮೊದಲನೆಯದು ಪೋಲೆಂಡಿನ ತಂಡವೊಂದರ 'ಡ್ರೈ ವೆಲ್ಸ್'. ಬತ್ತಿದ ಬಾವಿಗಳು. ಹಾಡುವವಳು ಹೆಣ್ಣುಮಗಳು. ಬಾವಿಯ ತಳದಿಂದ ಯಾರೋ ಕಲ್ಲುಬಂಡೆ ಎತ್ತಿ ಎಸೆದಂತೆ ಅವಳ ದನಿ ಮೇಲೆ ಬರುತ್ತಿತ್ತು. ಹೆಣ್ಣಿನ ಹೊಟ್ಟೆಯಲ್ಲಿ ಇಂಥ ದನಿ ಇರುತ್ತದೆಂದು ಶ್ವೇತಾ ಮೊದಲು ನಂಬಿರಲಿಲ್ಲ. ಆಮೇಲೆ ತನ್ನ ಹೊಟ್ಟೆಯಲ್ಲಿಯೂ ಇದೆಯೇ ಎಂದು ಹುಡುಕತೊಡಗಿದಳು. ಅವ್ವ ಶೆಡ್ಡಿಗೆ ಹೋದಾಗ, ಬಾಯಿಗೆ ದಿಂಬು ಒತ್ತಿಕೊಂಡು.

ಹೊಸ್ತಿಲ ಹುಣ್ಣಿಮೆ ಆ ಸಲ ರವಿವಾರ ಬಂತು. ಹುಲಿಗವ್ವ ನಸುಕಿನಲ್ಲೇ ಹೊಸ್ತಿಲಿಗೆ ಅರಿಷಿಣ ಬಳಿದು, ಕುಂಕುಮ ಇಟ್ಟು, ಹುಲಿಗಿಯ ಗುಡಿಗೆ ಅಮ್ಮನ ದರ್ಶನಕ್ಕೆ ಹೋದಳು. ತಲೆ ನೋವೆಂದು ಶ್ವೇತಾ ಉಳಿದಳು. ಎರೆದುಕೊಂಡ ಕೂದಲು ಒಣಗಲೆಂದು ಬೆನ್ನ ಮೇಲೆ ಹರವಿ, ಕಿವಿಗೆ ವೈರು ಸಿಕ್ಕಿಸಿ, ನಡುಮನೆಯಲ್ಲಿ ನಿಂತು ಮೊದಲನೇ ನಂಬರನ್ನು ಹಚ್ಚಿದಳು. ಈಗ ರೂಢಿ, ಆಮೇಲೆ ರೆಕಾರ್ಡು ಎಂದುಕೊಂಡಿದ್ದಳು. ಬಾಗಿಲು ಮುಂದೆ ಮಾಡಿದ್ದಳೇ ಹೊರತು ಅಗುಳಿ ಹಾಕಿರಲಿಲ್ಲ. ದಿಂಬು ಇರಲಿಲ್ಲ. ಮೊದಲನೇ ಸಲಕ್ಕೆ ದನಿ ಗಂಟಲಲ್ಲೇ ಒಡೆಯಿತು. ಎರಡನೇ ಸಲಕ್ಕೆ ಎಲ್ಲಿಂದಲೋ ಬಂತು, ಬೇಕಾದ ಹಾಗೇ ಬಂತು. ಖುಷಿಗೆ ಅವಳು ಕಣ್ಣು ಮುಚ್ಚಿ, ತಾಳಕ್ಕೆ ತಲೆ ಗಿರ್ರನೆ ತಿರುಗಿಸಿದಳು. ಕೂದಲು ಮುಖದ ತುಂಬ ಚೆಲ್ಲಿತು.

ಹಾಡು ಅವಳ ಕಿವಿಯೊಳಗಿತ್ತು. ಹೊರಗಿನವರಿಗೆ ಕೇಳಿದ್ದು ಅವಳ ದನಿಯಷ್ಟೇ.

ಕಣ್ಣು ತೆರೆದಾಗ ಪಕ್ಕದ ಮನೆಯ ಶಿವಲಿಂಗಮ್ಮ ಹೊಸ್ತಿಲೊಳಗೆ ಮೊಣಕಾಲೂರಿ ಕೂತಿದ್ದಳು. ಹಬ್ಬದ ಹೋಳಿಗೆ ಕೊಡಲು ಬಂದವಳು ತಾಟನ್ನು ನೆಲದ ಮೇಲಿಟ್ಟು ಕೈ ಜೋಡಿಸಿದ್ದಳು. ಅವಳ ಹಿಂದೆ ಓಣಿಯ ಮತ್ತಿಬ್ಬರು. ಒಬ್ಬಾಕೆ ಆಗಲೇ ಕರ್ಪೂರ ಹಚ್ಚಿದ್ದಳು. ಉಧೋ ಉಧೋ ಎಂದು ಅವರ ಬಾಯಿ ಆಡುವುದು ಕಂಡಿತು, ಕೇಳಿಸಲಿಲ್ಲ. ಶ್ವೇತಾ ತಲೆ ಸವರಿಕೊಳ್ಳುವ ನೆಪದಲ್ಲಿ ಕೂದಲ ಮರೆಯಲ್ಲೇ ವೈರು ಕಿತ್ತಳು. ಆ ಗಳಿಗೆಯಲ್ಲಿ, ಚಿಗವ್ವಾ ಇದು ಹಾಡು, ಎಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಮದುವೆಯಿಲ್ಲದ ಇಪ್ಪತ್ತಾರರ ಹುಡುಗಿ, ಪಂಚಾಯಿತಿಯಲ್ಲಿ ಕೆಲಸ ಮಾಡುವಾಕಿ, ಹಬ್ಬದ ದಿನ ಮನೆಯಲ್ಲಿ ಒಬ್ಬಳೇ ನಿಂತು ನಾಯಿಯ ಹಾಗೆ ಬೊಗಳುತ್ತಿದ್ದಳು ಎಂದು ಸಂಜೆಯೊಳಗೆ ಓಣಿಗೆಲ್ಲ ಆಗುತ್ತದೆ. ಬಿಲ್ ಕಲೆಕ್ಟರನ ನಗು ಕಣ್ಣ ಮುಂದೆ ಬಂತು. ಅವಳು ಸುಮ್ಮನೆ ನಿಂತಳು. ಅದೂ ಅವರಿಗೆ ದೇವಿಯ ಗುರುತೇ ಆಯಿತು.

ಶಿವಲಿಂಗಮ್ಮ ಅವಳ ಎರಡೂ ಕಾಲು ಹಿಡಿದುಕೊಂಡಳು.

"ಯವ್ವಾ, ಒಂದು ಮಾತು ಕೇಳ್ತೀನಿ. ನಮ್ಮ ದುರ್ಗಿನ್ನ ಬೇವೂರಿಗೆ ಕಳಿಸ್ಲೋ, ಇಟ್ಕೊಳ್ಲೋ?"

ದುರ್ಗಾದೇವಿ ಶಿವಲಿಂಗಮ್ಮನ ಒಬ್ಬಳೇ ಮಗಳು. ಯಲಬುರ್ಗಾ ಕಡೆಯ ಬೇವೂರಿಗೆ ಕೊಟ್ಟಿತ್ತು. ಪಂಚಮಿಗೆಂದು ತವರಿಗೆ ಬಂದವಳು ಹಾಗೇ ಉಳಿದಿದ್ದಳು. ಅತ್ತೆ ಏನೋ ಅಂದಿದ್ದಳಂತೆ, ಇವಳೂ ಏನೋ ಅಂದಿದ್ದಳಂತೆ. ಕರೆಯಲು ಹಿರಿಯರು ಬರದೆ ಮಗಳನ್ನು ಕಳಿಸುವುದಿಲ್ಲ ಎಂದು ತಾಯಿ, ತಾನಾಗಿ ಹೋದವಳನ್ನು ಯಾಕೆ ಕರೆಯಬೇಕು ಎಂದು ಬೀಗರು, ಹೀಗೆ ದೀಪಾವಳಿಯೂ ದಾಟಿತ್ತು. ನಡುವಿನ ಗೋಡೆಯಾಚೆ ದುರ್ಗಾದೇವಿ ಫೋನಿನಲ್ಲಿ ಅಳುವುದು ಶ್ವೇತಾಳಿಗೆ ಎಷ್ಟೋ ಸಂಜೆ ಕೇಳಿತ್ತು. ಕೇಳಿದಾಗೆಲ್ಲ ಅವಳು ವೈರು ಹಾಕಿಕೊಂಡು ಹಾಡು ಹೆಚ್ಚು ಮಾಡಿದ್ದಳು. ಅಷ್ಟು ಅಳಿಸುವ ಮನೆಗೆ ಯಾಕೆ ಹೋಗಬೇಕು ಎಂಬುದು ಅವಳ ಮನಸ್ಸಿನಲ್ಲಿ ಎಂದೋ ತೀರ್ಮಾನವಾಗಿತ್ತು. ಓದಿದವಳು ತಾನು, ಇವರಿಗೆ ತಿಳಿಯದ್ದು ತನಗೆ ತಿಳಿಯುತ್ತದೆ.

"ಕಳಿಸಬ್ಯಾಡ" ಎಂದಳು. ಅದೇ ಹೊಟ್ಟೆಯ ದನಿಯಲ್ಲಿ ಎಂದಳು. "ಒಂದು ವರ್ಷ ಕಳಿಸಬ್ಯಾಡ."

ಆಮೇಲೆ ಕುಸಿದು ಕೂತಳು. ಅವರೇ ನೀರು ಕುಡಿಸಿ, ಹಣೆಗೆ ಭಂಡಾರ ಹಚ್ಚಿ ಮಲಗಿಸಿದರು. ಹೊದ್ದಿಕೆಯೊಳಗೆ ಅವಳು ವೈರನ್ನು ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡಳು. ಆದರೂ ಮನಸ್ಸಿನ ಒಂದು ಮೂಲೆಯಲ್ಲಿ, ಒಳ್ಳೆಯದನ್ನೇ ಮಾಡಿದೆ ಎಂಬ ಸಣ್ಣ ಹೆಮ್ಮೆಯೂ ಇತ್ತು. ಎಲ್ಲ ಮುಗಿದ ಮೇಲೆ ಅವಳಿಗೆ ಎಲ್ಲಕ್ಕಿಂತ ನಾಚಿಕೆ ತಂದದ್ದು ಆ ಹೆಮ್ಮೆಯೇ.

ಸಂಜೆ ಹುಲಿಗಿಯಿಂದ ಬಂದ ಹುಲಿಗವ್ವನಿಗೆ ಓಣಿಯ ಬಾಯಲ್ಲೇ ಸುದ್ದಿ ಸಿಕ್ಕಿತು. ಅವಳು ಚಪ್ಪಲಿ ಬಿಟ್ಟವಳೇ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಹುಲಿಗವ್ವನ ತಾಯಿಗೂ ಮೈಮೇಲೆ ಅಮ್ಮ ಬರುತ್ತಿದ್ದಳು, ತಾಯಿ ಸತ್ತ ಮೇಲೆ ಮನೆತನದಲ್ಲಿ ಅದು ನಿಂತುಹೋಯಿತೆಂದು ಕೊರಗಿದ್ದವಳು. ಅಮ್ಮನ ಹತ್ತಿರ ತಾನು ಹೋದರೆ ಅಮ್ಮನೇ ತನ್ನ ಮನೆಗೆ ಬಂದಿದ್ದಾಳೆ ಎಂದು ಕಣ್ಣೊರೆಸಿಕೊಂಡಳು. ಮರುದಿನದಿಂದ ಶೆಡ್ಡಿನಲ್ಲಿ ಅವಳು ಕೂರುವ ಜಾಗವೇ ಬದಲಾಯಿತು, ಬಾಗಿಲ ಬಳಿಯಿಂದ ಒಳಗೆ, ಫ್ಯಾನಿನ ಕೆಳಗೆ. ಅಮ್ಮನ ವಾರವೆಂದು ಮಂಗಳವಾರ, ಶುಕ್ರವಾರ ಮನೆಯಲ್ಲಿ ಕೋಳಿತತ್ತಿಯೂ ಇಲ್ಲ. ಎರಡೂ ದಿನ ಶ್ವೇತಾ ಮೈ ನೋವೆಂದು ಮುಸುಕು ಹಾಕಿದಳು. ಬಾಗಿಲ ತನಕ ಬಂದ ಹೆಂಗಸರು ಪಿಸುಮಾತಾಡಿ ಹೋದರು. ಸಾದಿಕನೂ ಸಿದ್ದಾರ್ಥನೂ ಮೊದಲನೇ ನಂಬರು ಎಲ್ಲಿ ಎಂದು ಕೇಳಿ ಕೇಳಿ ಬೇಸತ್ತರು. ಅವಳು ಆ ಆಲ್ಬಂ ತೆರೆಯುವುದಕ್ಕೂ ಅಂಜಿ ಫೋನು ಬೋರಲು ಹಾಕುತ್ತಿದ್ದಳು.

ಮುಂದಿನ ರವಿವಾರ ಬೇವೂರಿನಿಂದ ದುರ್ಗಾದೇವಿಯ ಗಂಡ ಕೃಷ್ಣ ಬಂದ. ಜೊತೆಗೆ ಅವನ ದೊಡ್ಡಪ್ಪ ಓಬಳೆಪ್ಪ. ಕುಬಸ, ತೆಂಗಿನಕಾಯಿ, ಎಲೆ ಅಡಿಕೆ ಕಟ್ಟಿಕೊಂಡು ಬಂದಿದ್ದರು, ಕರೆಯುವ ರೀತಿಯಲ್ಲೇ ಕರೆಯಲು. ಹೊಲದ ಹಬ್ಬ ಎಳ್ಳಮಾಸಿ ಸಮೀಪಿಸಿತ್ತು. ಬಿಳಿಜೋಳ ತೆನೆ ಹಿಡಿದು ನಿಂತ ಹೊಲದಲ್ಲಿ ಅಂದು ಮನೆಯ ಸೊಸೆ ಭೂತಾಯಿಗೆ ಚರಗದ ಎಡೆ ಚೆಲ್ಲಬೇಕು, ಇವಳು ಇಲ್ಲದೆ ಹೇಗೆ ಎಂದು ಅತ್ತೆಯೇ ಕಳಿಸಿದ್ದಳಂತೆ. ಶ್ವೇತಾ ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದಳು, ಮಾತೆಲ್ಲ ಕೇಳುತ್ತಿತ್ತು. ಶಿವಲಿಂಗಮ್ಮ ಅವರನ್ನು ಕೂರಿಸಿದಳು, ಚಹಾ ಕೊಟ್ಟಳು, ನೀವು ಬಂದದ್ದು ಸಂತೋಷ ಎಂದಳು, ಅಳುಕುತ್ತ ಅಮ್ಮನ ಹೇಳಿಕೆಯನ್ನು ಹೇಳಿದಳು. ಜಗಳವಾಡಿದ್ದರೆ ಶ್ವೇತಾಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಓಬಳೆಪ್ಪ ಜಗಳವಾಡಲಿಲ್ಲ. ರುಮಾಲು ಸರಿ ಮಾಡಿಕೊಂಡ.

"ಅಮ್ಮ ಬ್ಯಾಡ ಅಂದಮ್ಯಾಲ ಮೀರೂದು ಹೆಂಗರಿ. ನಡಿಯಪಾ ಕೃಷ್ಣ."

ಕೃಷ್ಣ ಎದ್ದ. ಕುಬಸದ ಗಂಟನ್ನು ಇಡುವುದೋ ಒಯ್ಯುವುದೋ ತಿಳಿಯದೆ ಕೈಯಲ್ಲೇ ಹಿಡಿದು ಓಣಿಯ ತಿರುವಿನ ತನಕ ಹೋದ, ತಿರುಗಿ ನೋಡಿದ. ಬಾಗಿಲಲ್ಲಿ ದುರ್ಗಾದೇವಿ ಇರಲಿಲ್ಲ. ಅವಳು ಒಳಗೆ, ನಡುವಿನ ಗೋಡೆಗೆ ಒರಗಿ ಅಳುತ್ತಿದ್ದಳು.

ಸಂಜೆ ಅವಳೇ ಶ್ವೇತಾಳ ಮನೆಗೆ ಬಂದಳು. ಇಷ್ಟು ದಿನವೂ ಅತ್ತದ್ದು ಹೋಗಬೇಕೆಂದೇ ಎಂದಳು. ಗಂಡನಿಗೆ ಫೋನು ಮಾಡಿ, ನಿಮ್ಮವರನ್ನು ಕಳಿಸು, ನಮ್ಮವ್ವ ಹಟಮಾರಿ, ಕರೆಯದೆ ಬಿಡುವುದಿಲ್ಲ ಎಂದು ಗೋಗರೆಯುತ್ತಿದ್ದಳಂತೆ. ಅತ್ತೆ ಬೈಯುತ್ತಾಳೆ, ಮರುಗಳಿಗೆಗೆ ಉಣ್ಣು ಬಾ ಎಂದೂ ಕರೆಯುತ್ತಾಳೆ. ತನ್ನ ಕೈಯಲ್ಲಿ ಬೆಳೆದ ಎರಡು ಆಡು ಈಯ್ದಿವೆ, ಮರಿಗಳನ್ನು ಇನ್ನೂ ನೋಡಿಲ್ಲ. ಇದನ್ನೆಲ್ಲ ನೆಲ ನೋಡುತ್ತ ಹೇಳಿ, ಕಡೆಗೆ ತಲೆ ಎತ್ತಿದಳು.

"ಅಕ್ಕಾ, ಮಂಗಳವಾರ ಅಮ್ಮ ಬಂದ್ರ ನನ್ನ ಪರವಾಗಿ ಇನ್ನೊಮ್ಮೆ ಕೇಳ್ತಿಯೇನು? ಒಂದ ಒಂದು ಸಲ."

ಕೇಳುತ್ತೇನೆ ಎಂದು ಶ್ವೇತಾ ತಲೆಯಾಡಿಸಿದಳು. ಅವಳು ಹೋದ ಮೇಲೆ ದಾರಿ ಸಲೀಸಾಗಿ ಕಂಡಿತು. ಇನ್ನೊಮ್ಮೆ ಕೂದಲು ಬಿಡುವುದು, ಇನ್ನೊಮ್ಮೆ ಗುಡುಗುವುದು, ಕಳಿಸು ಎನ್ನುವುದು. ದುರ್ಗಾದೇವಿ ಎಳ್ಳಮಾಸಿಗೆ ಬೇವೂರು ಸೇರುತ್ತಾಳೆ, ಅವ್ವನ ಮರ್ಯಾದೆ ಉಳಿಯುತ್ತದೆ, ತನ್ನದೂ ಉಳಿಯುತ್ತದೆ. ಯಾರಿಗೂ ಏನೂ ಹೇಳಬೇಕಾಗಿಲ್ಲ.

ಮಂಗಳವಾರ ಕಚೇರಿಯಿಂದ ಬೇಗ ಬಂದು ತಲೆ ಎರೆದುಕೊಂಡಳು. ಹುಲಿಗವ್ವ ಚಾಪೆ ಹಾಸಿ, ಬೇವಿನ ತೊಪ್ಪಲು ತಂದಿಟ್ಟು, ಹಿತ್ತಾಳೆ ತಾಟನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಬೆಳಗಿದ್ದಳು. ಓಣಿಯ ಹೆಂಗಸರು ಗೋಡೆಗುಂಟ ಕೂತರು. ಮುಂದೆ ಶಿವಲಿಂಗಮ್ಮ, ಅವಳ ಹಿಂದೆ ದುರ್ಗಾದೇವಿ. ಶ್ವೇತಾ ಚಾಪೆಯ ಮೇಲೆ ಕೂತು ಉಸಿರು ಒಳಗೆಳೆದಳು. ದನಿ ಹೊಟ್ಟೆಯಲ್ಲಿ ತಯಾರಾಗಿ ಕೂತದ್ದು ಅವಳಿಗೆ ತಿಳಿಯುತ್ತಿತ್ತು. ಅಷ್ಟರಲ್ಲಿ ಅವ್ವನ ಜೊತೆ ಶೆಡ್ಡಿನಲ್ಲಿ ಕೂರುವ ಮೆಹಬೂಬಬೀ ಒಳಗೆ ಬಂದಳು. ಕಂಬ ತಡವಿ, ಯಾರದೋ ಹೆಗಲು ಹಿಡಿದು ಕೂತು, ನನ್ನದೂ ಒಂದು ಮಾತು ಕೇಳುವುದಿದೆ ಎಂದಳು. ಡಾಕ್ಟರು ಕಣ್ಣಿಗೆ ಆಪರೇಷನ್ ಮಾಡಿಸು ಎಂದಿದ್ದರು, ತಾರೀಕೂ ಕೊಟ್ಟಿದ್ದರು. ಅಮ್ಮ ಹೂಂ ಎಂದರೆ ಹೋಗುವುದು, ಇಲ್ಲದಿದ್ದರೆ ಇಲ್ಲ.

ಶ್ವೇತಾ ಎಳೆದುಕೊಂಡ ಉಸಿರನ್ನು ಬಿಟ್ಟಳು. ಇಂದು ಗುಡುಗಿದರೆ ಇವಳ ಹಿಂದೆ ಇನ್ನೊಬ್ಬಳು, ಆಕೆಯ ಹಿಂದೆ ಮತ್ತೊಬ್ಬಳು ಕೇಳಲು ಬರುತ್ತಾರೆ. ಕೈ ತಾನಾಗಿ ಹಿಂದೆ ಹೋಗಿ, ಹಸಿ ಕೂದಲನ್ನು ಮೂರೆಳೆ ಮಾಡಿ ಹೆಣೆಯತೊಡಗಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

"ಚಿಗವ್ವಾ" ಎಂದಳು, ತನ್ನ ಎಂದಿನ ದನಿಯಲ್ಲಿ. "ಅವತ್ತ ನನ್ನ ಮೈಮ್ಯಾಲ ಯಾರೂ ಬಂದಿರ್ಲಿಲ್ಲ. ನಾ ಹಾಡು ಹಾಡಾಕತ್ತಿದ್ದೆ."

ಯಾರೂ ನಂಬಲಿಲ್ಲ. ಅಮ್ಮ ಪರೀಕ್ಷೆ ಮಾಡುತ್ತಿದ್ದಾಳೆ ಎಂದು ಹುಲಿಗವ್ವ ಗಾಬರಿಯಾಗಿ ಕರ್ಪೂರಕ್ಕೆ ಕಡ್ಡಿ ಗೀರಿದಳು. ಶ್ವೇತಾ ಫೋನು ತೆಗೆದು ಚಾಪೆಯ ಮೇಲಿಟ್ಟು 'ಡ್ರೈ ವೆಲ್ಸ್' ಹಚ್ಚಿದಳು. ಗಿಟಾರು, ಡ್ರಮ್ಮು ತುಂಬಿ ಬಂದು ಹೆಂಗಸರು ಬೆಚ್ಚಿದರು. ಆಮೇಲೆ ಪೋಲೆಂಡಿನವಳ ದನಿ ಬಂತು. ಅದರ ಜೊತೆಗೆ ಶ್ವೇತಾ, ಪದ್ಮಾಸನ ಹಾಕಿ, ಬಿಗಿದ ಜಡೆಯಲ್ಲಿ, ಕಣ್ಣು ಬಿಟ್ಟುಕೊಂಡು, ಎಲ್ಲರ ಮುಖ ನೋಡುತ್ತ ಹಾಡಿದಳು. ಅವತ್ತಿನಷ್ಟು ಚೆನ್ನಾಗಿ ಬರಲಿಲ್ಲ. ನಡುವೆ ದನಿ ಒಡೆದು ಕೆಮ್ಮು ಬಂತು, ಎಂಜಲು ಗದ್ದಕ್ಕೆ ಇಳಿಯಿತು. ಒರೆಸಿಕೊಂಡು ಮತ್ತೆ ಹಾಡಿದಳು. ಬಾಗಿಲ ಬಳಿ ಒಬ್ಬಾಕೆ ಸೆರಗು ಬಾಯಿಗಿಟ್ಟು ನಕ್ಕಳು. ಹಾಡು ನಿಂತಾಗ ಮಂದಗಣ್ಣಿನ ಮೆಹಬೂಬಬೀ, ಫೋನಿನದೂ ಇವಳದೂ ದನಿ ಎರಡೂ ಒಂದೇ ಥರ ಇದ್ದಾವಲ್ಲ ಎಂದಳು. ಅವಳಿಗೆ ನೋಡುವುದಕ್ಕಿಂತ ಕೇಳುವುದೇ ಈಗ ಹೆಚ್ಚು ರೂಢಿಯಾಗಿತ್ತು.

ಶಿವಲಿಂಗಮ್ಮ ಇದ್ದಲ್ಲೇ ಇದ್ದಳು.

"ಹಾಡು ಅಂತಿ. ಕಳಿಸಬ್ಯಾಡ ಅಂದದ್ದು, ಅದೂ ಈ ಹಾಡಿನ್ಯಾಗ ಐತೇನು?"

"ಇಲ್ಲ."

"ಮತ್ತ ಅದು ಯಾರ ಮಾತು?"

ಇಲ್ಲಿಯ ತನಕ ಶ್ವೇತಾ ಹಾಡಿನದೇ ನಾಚಿಕೆ ಎಂದುಕೊಂಡಿದ್ದಳು. ಅಲ್ಲ ಎಂಬುದು ಈಗ ತಿಳಿಯಿತು.

"ನಂದ, ಚಿಗವ್ವಾ. ನಾನ ಅಂದದ್ದು."

ಯಾರೂ ನಗಲಿಲ್ಲ. ಶಿವಲಿಂಗಮ್ಮ ಮೊಣಕಾಲಿಗೆ ಕೈಯೂರಿ ನಿಧಾನಕ್ಕೆ ಎದ್ದಳು.

"ನಾ ನಿಮ್ಮವ್ವನ ವಾರಿಗಿಯಾಕಿ. ನಿನ್ನ ಕಾಲ ಹಿಡಿದ್ನೆಲ್ಲ ಬೇ, ಆಗರ ಹೇಳಬೇಕಿತ್ತಿಲ್ಲ?"

ಅಷ್ಟೇ ಅಂದಳು. ಮಗಳ ಕಡೆ ತಿರುಗಿ ಗಂಡನಿಗೆ ಫೋನು ಹಚ್ಚು ಎಂದಳು. ಒಬ್ಬೊಬ್ಬರೇ ಹೊರಬಿದ್ದರು. ಆಪರೇಷನ್ ಮಾಡಿಸಿಕೋ ದೊಡ್ಡವ್ವ, ಡಾಕ್ಟರು ಹೇಳಿದಂತೆ ಕೇಳು ಎಂದು ಶ್ವೇತಾ ಮೆಹಬೂಬಬೀಗೆ ಹೇಳಬೇಕೆಂದುಕೊಂಡಳು. ಹೇಳಲು ತಾನು ಯಾರು ಅನ್ನಿಸಿ, ಹೊಸ್ತಿಲು ದಾಟುವಾಗ ಅವಳ ಕೈ ಹಿಡಿದಳಷ್ಟೇ.

ಹುಲಿಗವ್ವ ಬೇವಿನ ತೊಪ್ಪಲು, ತಾಟು, ಕರ್ಪೂರ ಎಲ್ಲವನ್ನೂ ಒಳಗಿಟ್ಟು ಬಂದಳು. ಬೈಯುತ್ತಾಳೆಂದು ಶ್ವೇತಾ ಕಾದಳು. ಅವಳು ಬೈಯಲಿಲ್ಲ. ಮರುದಿನ ಬೆಳಿಗ್ಗೆ ಬುತ್ತಿ ಕಟ್ಟುವಾಗ, ಬೆನ್ನು ತಿರುಗಿಸಿಕೊಂಡೇ, "ನನಗ ಖುಷಿ ಆಗಿತ್ತು ಬೇ" ಎಂದಳು. ಶೆಡ್ಡಿನಲ್ಲಿ ತಾನಾಗಿ ಬಾಗಿಲ ಬಳಿಯ ಹಳೆಯ ಜಾಗಕ್ಕೆ ಹೋಗಿ ಕೂತಳೆಂದು ಶ್ವೇತಾಳಿಗೆ ಆಮೇಲೆ ಯಾರೋ ಹೇಳಿದರು.

ಬಿಲ್ ಕಲೆಕ್ಟರನ ತನಕ ಸುದ್ದಿ ಹೋಯಿತು. ಅವನು ಕೇಳಿದ್ದನ್ನೆಲ್ಲ ಅವಳು ಹೌದು ಎಂದಳು. ಅಷ್ಟಕ್ಕೆ ಅವನಿಗೂ ರುಚಿ ಹೋಯಿತು. ಮೊದಲನೇ ನಂಬರು ಇಲ್ಲದೆ ವರ್ಷ ಮುಗಿಸಲು ಬಿಡುವುದಿಲ್ಲ ಎಂದು ಸಾದಿಕ ಮತ್ತೆ ಮೆಸೇಜು ಕಳಿಸಿದ. ಹಾಡಾಯಿತು, ಕೇಳಿದವರು ಇಲ್ಲೇ ಇದ್ದಾರೆ, ರೆಕಾರ್ಡು ಮಾತ್ರ ಇಲ್ಲ ಎಂದು ಅವಳು ಬರೆದಳು. ರೆಕಾರ್ಡು ಇಲ್ಲದ್ದು ಲೆಕ್ಕಕ್ಕಿಲ್ಲ, ಮುದುಕರನ್ನೇ ಮೊದಲನೆಯದಕ್ಕೆ ಏರಿಸುತ್ತೇವೆ ಎಂದು ಇಬ್ಬರೂ ಹಾರಾಡಿದರು. ಏರಿಸಿರಿ ಎಂದಳು.

ಎಳ್ಳಮಾಸಿಯ ಹಿಂದಿನ ದಿನ ಕೃಷ್ಣ ಮತ್ತೆ ಬಂದ. ಓಬಳೆಪ್ಪ ಈ ಸಲ ಬರಲಿಲ್ಲ. ಉಡಿ ತುಂಬುವ ಹೊತ್ತಿಗೆ ಓಣಿಯವರೆಲ್ಲ ಶಿವಲಿಂಗಮ್ಮನ ಮನೆಯಲ್ಲಿದ್ದರು. ಶ್ವೇತಾಳ ಮನೆಗೆ ಕರೆ ಬಂದಿರಲಿಲ್ಲ. ಆಟೋ ಬಂದಾಗ ಶ್ವೇತಾ ಕಟ್ಟೆಯಿಂದಿಳಿದು ರಸ್ತೆಯ ಅಂಚಿಗೆ ನಿಂತಳು. ಹತ್ತಿರ ಹೋಗುವ ಮನಸ್ಸಾಗಲಿಲ್ಲ. ದುರ್ಗಾದೇವಿಯೇ ಎರಡು ಹೆಜ್ಜೆ ಇತ್ತ ಬಂದಳು. ಸಿಟ್ಟಿನಲ್ಲಿದ್ದಂತೆ ಕಾಣಲಿಲ್ಲ.

"ಅಕ್ಕಾ, ನಾ ಅಳೂದು ನಿನಗ ಕೇಳ್ತಿತ್ತೇನು?"

"ಕೇಳ್ತಿತ್ತು."

"ಮತ್ತ, ಯಾಕ ಅಳ್ತಿ ಅಂತ ಒಮ್ಮೆರ ಬಂದು ಕೇಳೂದಲ್ಲ?"

ಕೃಷ್ಣ ಕರೆದ, ಅವಳು ಹೋಗಿ ಆಟೋ ಹತ್ತಿದಳು. ಆಟೋ ಕೊಪ್ಪಳ ಬಸ್ ಸ್ಟ್ಯಾಂಡಿನ ಕಡೆ ಹೊರಳಿತು. ನೆರೆದವರು ಚೆದುರಿದರು. ಶಿವಲಿಂಗಮ್ಮ ತನ್ನ ಕಟ್ಟೆಯ ಮೇಲೆ ಕೂತು ಮೂಗು ಒರೆಸಿಕೊಂಡಳು. ಅವಳ ಮುಂದೆ ಮಗಳು ಬೆಳಗಿನ ತನಕ ಬಿಡಿಸುತ್ತಿದ್ದ ಕೂದಲು ಅರ್ಧ ಗಂಟು, ಅರ್ಧ ಎಳೆಯಾಗಿ ಚೀಲದ ಮೇಲೆ ಬಿದ್ದಿತ್ತು. ಶ್ವೇತಾ ಹೋಗಿ ಕಟ್ಟೆಯ ಕೆಳಗೆ ನಿಂತಳು.

ಶಿವಲಿಂಗಮ್ಮ ಅವಳ ಮುಖ ನೋಡಲಿಲ್ಲ. ಕೂದಲ ಗಂಟಿನಲ್ಲಿ ಒಂದು ಹಿಡಿ ಕಿತ್ತು ಚೀಲದ ಈ ತುದಿಗೆ ಸರಿಸಿದಳು. ಶ್ವೇತಾ ಕೂತು ಬಿಡಿಸತೊಡಗಿದಳು. ಚಿಕ್ಕಂದಿನಲ್ಲಿ ಅವ್ವನ ಜೊತೆ ಬಿಡಿಸಿದ್ದ ಕೈಗೆ ರೂಢಿ ತಪ್ಪಿತ್ತು, ಎಳೆದಲ್ಲಿ ಕೂದಲು ಹರಿಯುತ್ತಿತ್ತು. ಹಾಗಲ್ಲ ಎಂದು ಕೂಡ ಶಿವಲಿಂಗಮ್ಮ ಹೇಳಲಿಲ್ಲ.